ಗೋಧಿ ಮೊಳೆಯದ ಫೆಬ್ರವರಿ

ಹೋದ ವಾರ ನಮ್ಮ ಪ್ರಯೋಗಾಲಯದ ಮೆಟ್ಟಿಲಿನ ಕಂಬಿಗಳಿಗೆ ಬಣ್ಣ ಹಚ್ಚುತ್ತಿದ್ದರು. ನಾನು ಒಳಗೆ ಒದ್ದೆ ಕಾಗದದ ಮೇಲೆ ಮೊಳೆತ ಗೋಧಿಯನ್ನು ಎಣಿಸುತ್ತಿದ್ದೆ. ಹೊರಗೆ ಯಾರೋ ಥಿನ್ನರ್ ಡಬ್ಬದ ಮುಚ್ಚಳ ತೆಗೆದಿರಬೇಕು, ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ಅರವತ್ತೇಳೋ ಅರವತ್ತೆಂಟೋ ಎನ್ನುವಲ್ಲಿ ನನ್ನ ಲೆಕ್ಕ ತಪ್ಪಿತು. ಈ ಕೆಲಸಕ್ಕೆ ಸೇರಿದ ಎರಡು ವರ್ಷಗಳಲ್ಲಿ ಎಣಿಕೆ ತಪ್ಪಿದ್ದು ಇದು ನಾಲ್ಕನೆಯ ಸಲ, ಡೈರಿಯಲ್ಲಿದೆ. ಮತ್ತೆ ಒಂದರಿಂದ ಶುರು ಮಾಡುವ ಮೊದಲು ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತೆ. ಹೋದ ವರ್ಷ ಫೆಬ್ರವರಿಯಲ್ಲಿ ಇಂದಿರಾಪುರಂನ ಒಂದು ಪಂಪ್ ಕೋಣೆಯಲ್ಲಿ, ತುಕ್ಕು ಹಿಡಿದ ಡಬ್ಬವೊಂದರ ಮುಂದೆ ಕುಕ್ಕರಗಾಲಿನಲ್ಲಿ ಕೂತಾಗ ಮೂಗಿಗೆ ಬಡಿದದ್ದು ಇಂಥದೇ ವಾಸನೆ.

ನಾನು ರಾಣೆಬೆನ್ನೂರಿನವಳು. ಅಪ್ಪ ಅಲ್ಲಿಯ ಬೀಜದ ಅಂಗಡಿಯೊಂದರಲ್ಲಿ ಗುಮಾಸ್ತರು. ನಮ್ಮ ಮನೆಯಲ್ಲಿ ಮಕ್ಕಳು ಅಂಕಿ ಕಲಿತದ್ದೇ ಒದ್ದೆ ಬಟ್ಟೆಯ ಮೇಲೆ ನೂರು ಕಾಳು ಹರಡಿ, ಐದನೆಯ ದಿನ ಎಷ್ಟು ಮೊಳೆತವೆಂದು ಎಣಿಸಿ. ಓದು ಮುಗಿಸಿ ದೆಹಲಿಗೆ ಅಂಟಿಕೊಂಡಿರುವ ಘಾಜಿಯಾಬಾದಿನ ಬೀಜ ಪರೀಕ್ಷೆಯ ಪ್ರಯೋಗಾಲಯಕ್ಕೆ ಬಂದೆ. ಇಲ್ಲಿಯೂ ಎಣಿಸುವುದೇ ಕೆಲಸ. ಆಗ ನಾನಿದ್ದದ್ದು ಅದೇ ಊರಿನ ಇಂದಿರಾಪುರಂ ಬಡಾವಣೆಯ ಹೌಸಿಂಗ್ ಸೊಸೈಟಿಯೊಂದರ ಎಂಟನೆಯ ಮಹಡಿಯಲ್ಲಿ, ಬಾರ್ಕೂರು ಕಡೆಯ ಒಂದು ಕುಟುಂಬದ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗೆ. ಯಜಮಾನರಿಗೆ ಹತ್ತಿರದ ಮಾರುಕಟ್ಟೆಯಲ್ಲಿ ದೋಸೆಯ ಹೋಟೆಲು. ಅವರು ಮನೆಯಲ್ಲಿ ಕಾಣಿಸುವುದು ಕಡಿಮೆ. ಮನೆಯನ್ನು ನಡೆಸುತ್ತಿದ್ದವರು ಅವರ ಹೆಂಡತಿ ವನಜಕ್ಕ. ವನಜಕ್ಕನನ್ನು ನಡೆಸುತ್ತಿದ್ದವರು ಎಪ್ಪತ್ತೆಂಟು ವರ್ಷದ ಅತ್ತೆ. ಅವರನ್ನು ಎಲ್ಲರೂ ಕರೆಯುವಂತೆ ನಾನೂ ಅಜ್ಜಿ ಎಂದೇ ಕರೆಯುತ್ತಿದ್ದೆ.

ಮೊಮ್ಮಗಳು ಶ್ರಾವ್ಯಾ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವಾಗ ಅರ್ಧ ಹಿಂದಿಯಾಗಿರುತ್ತದೆ. ಅವಳು ತನ್ನ ಜೊತೆ ಕೆಲಸ ಮಾಡುವ ಅಂಕಿತನನ್ನು ಮದುವೆಯಾಗುತ್ತೇನೆ ಎಂದಾಗ ಅಜ್ಜಿ ಒಪ್ಪಲಿಲ್ಲ. ಅವನು ಗಢವಾಲದ ಬೆಟ್ಟಗಳ ಕಡೆಯವನು. ಅಜ್ಜಿಗೆ ಆ ಊರು ಎಲ್ಲಿದೆಯೆಂದೂ ಗೊತ್ತಿರಲಿಲ್ಲ, ಅವರು ಏನು ಉಣ್ಣುತ್ತಾರೆಂದೂ ಗೊತ್ತಿರಲಿಲ್ಲ. ಒಂದೂವರೆ ವರ್ಷ ಹಾಗೇ ಹೋಯಿತು. ಕೊನೆಗೆ ಒಂದು ಷರತ್ತಿನ ಮೇಲೆ ಹೂಂ ಎಂದರು: ತಮ್ಮ ಕಡೆಯ ಶಾಸ್ತ್ರಗಳಲ್ಲಿ ಒಂದನ್ನೂ ಬಿಡಬಾರದು. ಫೆಬ್ರವರಿ ೨೩, ಭಾನುವಾರ ಎಂದು ದಿನ ಗೊತ್ತಾಯಿತು.

ಮೊದಲ ಶಾಸ್ತ್ರ ಕಾಳು ಬಿತ್ತುವುದು. ಮದುವೆಗೆ ಒಂಬತ್ತು ದಿನ ಇರುವಾಗ ಮಣ್ಣಿನ ಕುಡಿಕೆಗಳಲ್ಲಿ ನವಧಾನ್ಯ ಬಿತ್ತಿ ದೇವರ ಮುಂದೆ ಇಡುತ್ತಾರೆ. ಸಸಿ ಚೆನ್ನಾಗಿ ಎದ್ದರೆ ಮದುವೆಯಾಗುವವರ ಬಾಳೂ ಹಾಗೇ ಏಳುತ್ತದೆ ಎಂಬ ನಂಬಿಕೆ. ಎಷ್ಟೋ ಮನೆಗಳಲ್ಲಿ ಒಂಬತ್ತನ್ನೂ ಬೆರೆಸಿ ಬಿತ್ತುತ್ತಾರಂತೆ. ಅಜ್ಜಿಯ ಮನೆಯ ಕ್ರಮ ಬೇರೆ, ಒಂದೊಂದು ಧಾನ್ಯಕ್ಕೆ ಒಂದೊಂದು ಕುಡಿಕೆ. ಕುಡಿಕೆಗಳ ತೊಂದರೆ ಇರಲಿಲ್ಲ. ಗೇಟಿನ ಹತ್ತಿರ ಮಣ್ಣಿನ ಲೋಟದಲ್ಲಿ ಚಹಾ ಮಾರುವ ಭಯ್ಯಾ ಬಳಸದ ಒಂಬತ್ತು ಕುಲ್ಹಡ್‌ಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ತೊಂದರೆ ಬಂದದ್ದು ಮಣ್ಣಿಗೆ. ಇಂದಿರಾಪುರಂನಲ್ಲಿ ಎತ್ತ ನೋಡಿದರೂ ಸಿಮೆಂಟು, ಟೈಲ್ಸು. ಬಾಲ್ಕನಿಯ ಕುಂಡಗಳಲ್ಲಿ ಇದ್ದದ್ದು ತೆಂಗಿನ ನಾರಿನ ಪುಡಿ. ಚೀಲದ ಮಣ್ಣು ತರಿಸುತ್ತೇನೆ ಎಂದು ಶ್ರಾವ್ಯಾ ಫೋನು ತೆಗೆದರೆ ಅಜ್ಜಿ ಬೇಡವೆಂದರು. ಭೂಮಿಯಿಂದ ಅಗೆದ ಮಣ್ಣೇ ಆಗಬೇಕು.

ವನಜಕ್ಕ ಆ ಕೆಲಸವನ್ನು ನನಗೆ ವಹಿಸಿದರು. ಬೀಜದ ಬಗ್ಗೆ ಓದಿದವಳು ನೀನು, ಒಳ್ಳೆಯ ಮಣ್ಣು ನಿನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು ಎಂದರು. ನನಗೆ ಖುಷಿಯಾಯಿತು. ಏಳು ತಿಂಗಳು ಆ ಮನೆಯಲ್ಲಿದ್ದರೂ ಅಡುಗೆಮನೆಯ ಹೊಸ್ತಿಲಿನ ಆಚೆ ನನಗೆ ಕೆಲಸವೇನೂ ಇರಲಿಲ್ಲ. ನನ್ನ ಹೆಸರು ನಸ್ರೀನ್ ಎನ್ನುವುದಕ್ಕೂ ಅದಕ್ಕೂ ಎಷ್ಟು ಸಂಬಂಧವಿತ್ತೋ ಗೊತ್ತಿಲ್ಲ, ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಫೆಬ್ರವರಿ ೯, ಭಾನುವಾರ. ಸೊಸೈಟಿಯ ಒಳಗೆ ನಾಲ್ಕು ಜಾಗ ನೋಡಿದೆ. ಡೈರಿಯಲ್ಲಿ ನಾಲ್ಕು ಸಾಲುಗಳಿವೆ. ಮಕ್ಕಳ ಉದ್ಯಾನ: ನಾಯಿಗಳು. ಬ್ಯಾಡ್ಮಿಂಟನ್ ಅಂಗಳದ ಬದಿ: ಕಟ್ಟಡ ಒಡೆದ ಪುಡಿ, ಗಾಜಿನ ಚೂರು. ಮಾಲಿಯ ತರಕಾರಿ ಪಾತಿ: ತುಂಬ ಕಳೆ. ಪಂಪ್ ಕೋಣೆಯ ಹಿಂದೆ ಗೋಡೆಯ ಉದ್ದಕ್ಕೂ ಇರುವ ಪಟ್ಟಿ, ಇಪ್ಪತ್ತೆರಡು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ: ಮೆತ್ತನೆಯ ಮಣ್ಣು, ಕಲ್ಲಿಲ್ಲ, ಕಳೆ ಸೊನ್ನೆ.

ಆ ಸೊನ್ನೆಯ ಕೆಳಗೆ ಗೆರೆ ಎಳೆದಿದ್ದೇನೆ. ಚಳಿಗಾಲದ ಕೊನೆಗೆ ದೆಹಲಿಯ ಯಾವ ತೇವದ ಮಣ್ಣಿನಲ್ಲೂ ಬಥುವಾ ಸೊಪ್ಪು ತಾನಾಗಿ ಏಳುತ್ತದೆ, ಗೋಡೆಯ ಬಿರುಕಿನಲ್ಲೂ ಏಳುತ್ತದೆ. ಆ ಪಟ್ಟಿಯಲ್ಲಿ ಒಂದು ಹುಲ್ಲಿನ ಎಸಳೂ ಇರಲಿಲ್ಲ. ಅದು ನನಗೆ ಒಗೆದು ಹಾಸಿದ ಬಟ್ಟೆಯಂತೆ ಕಂಡಿತು. ಪ್ರಯೋಗಾಲಯದಲ್ಲಿ ನಾವು ಕಳೆಬೀಜವಿಲ್ಲದ ಮಾದರಿಗೆ ಶುದ್ಧ ಎಂದು ಬರೆಯುತ್ತೇವೆ. ಅದೇ ಅಭ್ಯಾಸದಿಂದ ನೆಲಕ್ಕೂ ಹಾಗೇ ಬರೆದೆ. ಎರಡು ಬುಟ್ಟಿ ಮಣ್ಣು ತಂದು ಜರಡಿ ಹಿಡಿದು ಕೊಟ್ಟೆ. ಅಜ್ಜಿ ಬೆರಳಿಗೆ ಹಚ್ಚಿ ನೋಡಿ, ಆಗಬಹುದು ಎಂದರು.

೧೪ನೆಯ ತಾರೀಖು ಬೆಳಿಗ್ಗೆ ಐವರು ಮುತ್ತೈದೆಯರು ಬಿತ್ತಿದರು. ಒಂದೊಂದು ಕುಲ್ಹಡ್‌ಗೆ ಇಪ್ಪತ್ತು ಕಾಳಿನಂತೆ ಎಣಿಸಿ ಕೊಟ್ಟದ್ದು ನಾನು: ಗೋಧಿ, ಭತ್ತ, ತೊಗರಿ, ಹೆಸರು, ಕಡಲೆ, ಅವರೆ, ಎಳ್ಳು, ಉದ್ದು, ಹುರುಳಿ. ಭತ್ತ ಬಾರ್ಕೂರಿನಿಂದ ಬಂದದ್ದು. ಎಲ್ಲ ಬೀಜವನ್ನೂ ನಾನು ಮೊದಲೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದೆ. ಗೋಧಿ ನೂರಕ್ಕೆ ತೊಂಬತ್ತಾರು, ಭತ್ತ ತೊಂಬತ್ತೊಂದು.

ನಾಲ್ಕನೆಯ ದಿನ ಹೆಸರು ತಲೆ ಎತ್ತಿತು, ಹನ್ನೊಂದು ಸಸಿ. ಉದ್ದು ಒಂಬತ್ತು, ಹುರುಳಿ ಹದಿನಾಲ್ಕು. ಐದನೆಯ ದಿನ ಬೆಳಿಗ್ಗೆ ಕಡಲೆ, ತೊಗರಿ, ಅವರೆಯೂ ಬಂದವು. ಆದರೆ ಬಂದವುಗಳ ಕಾಂಡ ದಪ್ಪ, ಗಿಡ್ಡ, ಮುಟ್ಟಿದರೆ ಮುರಿಯುವಂತಿದ್ದವು. ಗೋಧಿ ಸೊನ್ನೆ. ಭತ್ತ ಸೊನ್ನೆ. ಎಳ್ಳು ಸೊನ್ನೆ. ಭತ್ತಕ್ಕೆ ಈ ಚಳಿ ಆಗುವುದಿಲ್ಲ, ಅದನ್ನು ಕ್ಷಮಿಸಬಹುದಿತ್ತು. ಗೋಧಿ ಇಲ್ಲಿಯ ಚಳಿಯದೇ ಮಗು.

ಬೇರೆ ಯಾರೂ ಇಲ್ಲದಾಗ ದೇವರ ಕೋಣೆಯ ಹೊರಗೆ ನಿಂತು, ವನಜಕ್ಕನಿಗೆ ಕುಲ್ಹಡ್ ಹಿಡಿದುಕೊಳ್ಳಲು ಹೇಳಿ, ಚಿಮಟದಿಂದ ಒಂದು ಗೋಧಿ ಕಾಳನ್ನು ಮೇಲೆತ್ತಿದೆ. ಅದು ಸತ್ತಿರಲಿಲ್ಲ. ಮೊಳೆಯಲು ನೋಡಿತ್ತು. ಆದರೆ ಬೇರು ಉದ್ದವಾಗುವ ಬದಲು ತುದಿಯಲ್ಲಿ ಉಬ್ಬಿ ನಗಾರಿಯ ಕೋಲಿನಂತೆ ಗುಂಡಗಾಗಿತ್ತು. ಮೂರು ಬೇರು, ಮೂರೂ ಹಾಗೇ. ಇಂಥ ಬೇರಿನ ಚಿತ್ರವನ್ನು ನಾನು ಕಾಲೇಜಿನ ಪಾಠದಲ್ಲಿ ನೋಡಿದ್ದೆ. ಚಿತ್ರದ ಪಕ್ಕದಲ್ಲಿದ್ದದ್ದು ಕಳೆನಾಶಕಗಳ ಹೆಸರು.

ಕೆಳಗೆ ಹೋಗಿ ಮಾಲಿ ರಾಮಫಲ್ ಭಯ್ಯಾನನ್ನು ಹುಡುಕಿದೆ. ಬದಾಯೂಂ ಕಡೆಯವನು, ಐವತ್ತು ದಾಟಿರಬೇಕು. ಆ ಪಟ್ಟಿಗೆ ಏನು ಹಾಕಿದ್ದೆ ಎಂದು ಕೇಳಿದ ಕೂಡಲೇ ಅವನ ಮುಖ ಇಳಿಯಿತು. ಸುತ್ತಿ ಬಳಸಿ ಹೇಳಿದ್ದರ ಸಾರ ಇಷ್ಟು: ದೀಪಾವಳಿ ಕಳೆದ ಮೇಲೆ ಸೊಸೈಟಿಯವರು ಅಲ್ಲಿ ಟೈಲ್ಸ್ ಹಾಕಿಸುವ ಮಾತಾಡಿದರು, ಅಲ್ಲಿಯವರೆಗೆ ಒಂದು ಹುಲ್ಲೂ ಕಾಣಬಾರದೆಂದರು. ಅವನು ಹುಲ್ಲನ್ನು ಬೇರುಸಹಿತ ಕಿತ್ತ. ಹದಿನೈದು ದಿನದಲ್ಲಿ ಮತ್ತೆ ಬಂತು. ಪಂಪ್ ಕೋಣೆಯ ಮೂಲೆಯಲ್ಲಿ ಯಾವ ಕಾಲದ್ದೋ ಡಬ್ಬವಿತ್ತು. ಅದರ ಬಣ್ಣ ನೋಡಿಯೇ ಅವನಿಗೆ ಗುರುತು ಸಿಕ್ಕಿತು. ಅವನ ಹುಡುಗುತನದಲ್ಲಿ ಊರಿನವರು ಸಾಸಿವೆ ಬಿತ್ತುವ ಮೊದಲು ಹೊಲಕ್ಕೆ ಹಾಕುತ್ತಿದ್ದರಂತೆ. ನೀರಿಗೆ ಬೆರೆಸಿದರೆ ಅರಿಶಿನ ಹಾಲಿನಂತಾಗುತ್ತದೆ. ಚಿಮುಕಿಸಿ ಬಿಟ್ಟರೆ ಬಿಸಿಲಿಗೆ ಹಾರಿಹೋಗುತ್ತದೆ, ಕೂಡಲೇ ಮಣ್ಣಿಗೆ ಕೊಚ್ಚಿ ಬೆರೆಸಬೇಕು. ಅವನು ಹಾಗೇ ಮಾಡಿದ್ದ. ಎಕರೆಗಟ್ಟಲೆ ಹೊಲಕ್ಕೆ ಸಾಕಾಗುವಷ್ಟನ್ನು ಇಪ್ಪತ್ತೆರಡು ಹೆಜ್ಜೆಯ ಪಟ್ಟಿಗೆ ಸುರಿದಿದ್ದ. ಆಮೇಲೆ ಎರಡು ದಿನ ಕಣ್ಣು ಉರಿಯಿತಂತೆ.

ಡಬ್ಬ ತೋರಿಸಿದ. ಮುಚ್ಚಳದ ಸುತ್ತ ಕಿತ್ತಳೆ ಬಣ್ಣದ ಹರಳು ಕಟ್ಟಿತ್ತು. ಬರಿಗೈಯಲ್ಲಿ ತಿರುಗಿಸಿದ್ದಕ್ಕೆ ಅವನ ಉಗುರುಗಳು ಹಳದಿಯಾದವು. ಚೀಟಿ ಮಾಸಿದ್ದರೂ ಹೆಸರು ಓದಬಹುದಿತ್ತು: ಫ್ಲೂಕ್ಲೋರಾಲಿನ್. ತನ್ನ ಹೆಸರು ಹೇಳಬೇಡ, ಕೆಲಸ ಹೋಗುತ್ತದೆ ಎಂದು ಅವನು ಎರಡು ಸಲ ಕೇಳಿಕೊಂಡ. ಮೊದಲು ಸೋಪು ಹಾಕಿ ಕೈ ತೊಳೆದುಕೋ, ಆ ಡಬ್ಬವನ್ನು ಇನ್ನು ಮುಟ್ಟಬೇಡ, ಅದರ ಹತ್ತಿರ ಬೀಡಿ ಹಚ್ಚಬೇಡ ಎಂದೆ. ಎರಡು ಪಾಲಿಥಿನ್ ಚೀಲಗಳಲ್ಲಿ ಪಟ್ಟಿಯ ಮಣ್ಣನ್ನೂ ಅವನ ಪಾತಿಯ ಮಣ್ಣನ್ನೂ ತುಂಬಿಕೊಂಡು ಕೆಲಸಕ್ಕೆ ಹೋದೆ.

ನಮ್ಮ ಪ್ರಯೋಗಾಲಯದ ಹಿರಿಯರಾದ ತ್ಯಾಗಿ ಸರ್ ಡಬ್ಬದ ಫೋಟೋ ನೋಡಿ ನಕ್ಕರು. ತಾವು ಕೆಲಸಕ್ಕೆ ಸೇರಿದಾಗಲೇ ಇದು ಹಳೆಯ ಸರಕಾಗಿತ್ತು, ಈಗ ಯಾರೂ ತಯಾರಿಸುವುದಿಲ್ಲ, ಬಳಕೆ ತಪ್ಪಿದ ಔಷಧಗಳ ಪಟ್ಟಿಯಲ್ಲಿದೆ ಎಂದರು. ಅವರು ಹೇಳಿದ್ದನ್ನೆಲ್ಲ ಆ ದಿನದ ಪುಟದಲ್ಲಿ ಬರೆದುಕೊಂಡಿದ್ದೇನೆ. ಇದು ಎದ್ದು ನಿಂತ ಗಿಡವನ್ನು ಕೊಲ್ಲುವುದಿಲ್ಲ, ಮೊಳೆಯುವ ಬೀಜದ ಬೇರನ್ನು ಹಿಡಿಯುತ್ತದೆ. ಬೇರಿನ ತುದಿಯ ಜೀವಕೋಶಗಳು ಒಡೆದು ಎರಡಾಗಲಾರದೆ ಅಲ್ಲೇ ಊದಿಕೊಳ್ಳುತ್ತವೆ. ಹುಲ್ಲಿನ ಜಾತಿಗೆ, ಎಳ್ಳಿನಂಥ ಸಣ್ಣ ಬೀಜಕ್ಕೆ ಹೆಚ್ಚು ಪೆಟ್ಟು, ದ್ವಿದಳ ಧಾನ್ಯಗಳು ಅಷ್ಟಿಷ್ಟು ತಡೆದುಕೊಳ್ಳುತ್ತವೆ. ಸುಮಾರು ನಲವತ್ತೆರಡು ಡಿಗ್ರಿಗೆ ಕರಗುತ್ತದೆ. ದ್ರಾವಕ ಆರಿಹೋಗಿ ಉಳಿದದ್ದು ಚಳಿಗಾಲದಲ್ಲಿ ಹರಳು, ಮೇ ತಿಂಗಳ ದೆಹಲಿಯಲ್ಲಿ ಎಣ್ಣೆ. ಮನುಷ್ಯನನ್ನು ಹನಿಯಲ್ಲಿ ಕೊಲ್ಲುವ ವಿಷವಲ್ಲ, ಕಣ್ಣು ಚರ್ಮಕ್ಕೆ ಕೆಟ್ಟದ್ದು. ಮೀನಿಗೆ ಮಾತ್ರ ಮಹಾ ವಿಷ, ಚರಂಡಿಗೆ ಸುರಿಯುವಂತಿಲ್ಲ.

ಮಣ್ಣನ್ನು ನೀರಿನಲ್ಲಿ ಕಲಕಿ, ಸೋಸಿ, ಆ ನೀರಿನಲ್ಲಿ ಗೋಧಿ ನೆನೆಸಿ ನೋಡೋಣ ಎಂದಿದ್ದೆ. ಸರ್ ತಲೆಯಾಡಿಸಿದರು. ಇದು ನೀರಿಗೆ ಬರುವುದೇ ಇಲ್ಲ, ಮಣ್ಣಿಗೆ ಅಂಟಿ ಕೂರುತ್ತದೆ, ಕಾಳನ್ನು ಮಣ್ಣಿನಲ್ಲೇ ಹಾಕು, ಆದರೆ ಪೆಟ್ಟಿಗೆಗಳನ್ನು ಬೇರೆ ಬೇರೆ ಇಡು, ಆವಿಯಾಗಿಯೂ ಪಕ್ಕದವಕ್ಕೆ ತಗಲುತ್ತದೆ ಎಂದರು. ಬೆಳಿಗ್ಗೆ ಹನ್ನೊಂದಕ್ಕೆ ಪಟ್ಟಿಯ ಮಣ್ಣಿನಲ್ಲಿ ಇಪ್ಪತ್ತು ಗೋಧಿ, ಇಪ್ಪತ್ತು ಭತ್ತ. ಪಾತಿಯ ಮಣ್ಣಿನಲ್ಲಿ ಅಷ್ಟೇ. ಒದ್ದೆ ಕಾಗದದ ಮೇಲೂ ಅಷ್ಟೇ. ಮೂರನ್ನೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿ, ಬೇರೆ ಬೇರೆ ಕಡೆ ಬೆಚ್ಚಗೆ ಇಟ್ಟೆ.

ಅಂದು ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಹೊಸ ಚಪ್ಪಲಿಗಳು. ಶ್ರಾವ್ಯಾಳ ಸೋದರತ್ತೆ ಸುನಂದಾ ಊರಿಂದ ಬಂದಿದ್ದರು. ಅಡುಗೆಮನೆಯಲ್ಲಿ ವನಜಕ್ಕ ಚಪಾತಿ ಹಿಟ್ಟು ನಾದುತ್ತಿದ್ದರು, ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಒಂಬತ್ತು ಕುಲ್ಹಡ್‌ಗಳನ್ನೂ ನೋಡಿ ಬಂದ ಸುನಂದಾ ಅತ್ತೆ ಸಾಧಾರಣ ದನಿಯಲ್ಲೇ ಕೇಳಿದರು.

“ಮಣ್ಣು ತಂದದ್ದು ಯಾರು?”

ವನಜಕ್ಕನ ಕೈ ಹಿಟ್ಟಿನಲ್ಲಿ ನಿಂತಿತು. ನಾನೇ ಎಂದೆ. ಅತ್ತೆ ನನ್ನನ್ನು ನೋಡಿ, ಹೌದಾ ಎಂದಷ್ಟೇ ಹೇಳಿ ನೀರು ಕುಡಿದರು. ಬೇರೇನಾದರೂ ಹೇಳಿದ್ದರೆ ಉತ್ತರ ಕೊಡಬಹುದಿತ್ತು.

ಅಜ್ಜಿ ವನಜಕ್ಕನ ಕಡೆ ತಿರುಗಿದರು. “ಭತ್ತ ಏಳದ ಮನೆಯಿಂದ ಹೆಣ್ಣು ಕಳಿಸುವುದು ಹೇಗೆ ವನಜಾ? ಮುಂದೆ ಹಾಕುವ. ಮಳೆಗಾಲ ಕಳೆಯಲಿ.”

ಮುಂದೆ ಹಾಕುವುದೆಂದರೆ ಏನೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದೂವರೆ ವರ್ಷ ಬೇಡವೆಂದವರು ಇನ್ನೊಮ್ಮೆ ಹೂಂ ಎನ್ನುತ್ತಾರೆಂಬ ಭರವಸೆ ಇರಲಿಲ್ಲ. ಅಂಕಿತನ ಮನೆಯಿಂದ ನಲವತ್ತು ಜನ ಅಷ್ಟರಲ್ಲೇ ಬೆಟ್ಟ ಇಳಿಯುವ ತಯಾರಿಯಲ್ಲಿದ್ದರು. ಶ್ರಾವ್ಯಾ ನನ್ನ ಕೋಣೆಗೆ ಬಂದು ಬಾಗಿಲು ಹಾಕಿ ನೆಲದ ಮೇಲೆ ಕೂತಳು. ಅಳುತ್ತಿರಲಿಲ್ಲ, ಕೈಯ ಮೆಹಂದಿಯ ಪುಡಿಯನ್ನು ಕೆರೆಯುತ್ತಿದ್ದಳು.

“ನಸ್ರೀನ್ ದೀ, ಸಚ್ ಸಚ್ ಹೇಳು. ಇದು ಅಪಶಕುನ ಹೈ ಕ್ಯಾ?”

“ಅಲ್ಲ. ಮಣ್ಣಿನ್ಯಾಗ ಔಷಧ ಐತಿ. ಶನಿವಾರ ತೋರಸ್ತೀನಿ.”

“ಶನಿವಾರದ ತನಕ ಅಜ್ಜಿಯನ್ನ ಕೌನ್ ರೋಕೇಗಾ?”

ತಡೆದವರು ವನಜಕ್ಕ. ಆ ಮನೆಯಲ್ಲಿ ಅತ್ತೆಯ ಮಾತಿಗೆ ಅವರು ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಶನಿವಾರದವರೆಗೆ ಯಾರಿಗೂ ಫೋನು ಮಾಡಬಾರದು, ಆಮೇಲೆ ಅತ್ತೆ ಹೇಳಿದಂತೆ ಆಗಲಿ ಎಂದರು. ಹೇಳುವಾಗ ಪಾತ್ರೆ ತೊಳೆಯುತ್ತಲೇ ಇದ್ದರು, ತಿರುಗಿ ನೋಡಲಿಲ್ಲ.

೨೨, ಶನಿವಾರ. ಬೆಳಿಗ್ಗೆ ಎಂಟಕ್ಕೆ ಪ್ರಯೋಗಾಲಯದಲ್ಲಿದ್ದೆ. ಕಾಗದದ ಮೇಲೆ ಗೋಧಿ ಇಪ್ಪತ್ತಕ್ಕೆ ಹತ್ತೊಂಬತ್ತು, ಭತ್ತ ಹದಿನೆಂಟು. ಪಾತಿಯ ಮಣ್ಣಿನಲ್ಲಿ ಗೋಧಿ ಹದಿನೆಂಟು, ಭತ್ತ ಹದಿನೇಳು. ಪಟ್ಟಿಯ ಮಣ್ಣಿನಿಂದ ತೆಗೆದ ನಲವತ್ತರಲ್ಲಿ ನೇರ ಬೇರು ಒಂದಕ್ಕೂ ಇರಲಿಲ್ಲ. ಬರೆದುಕೊಳ್ಳುವಾಗ ನನ್ನದೇ ಡೈರಿಯ ಹಿಂದಿನ ಪುಟ ಕಣ್ಣಿಗೆ ಬಿತ್ತು, ಗೆರೆ ಎಳೆದ ಆ ಸೊನ್ನೆ. ರಾಮಫಲ್ ಸುರಿದದ್ದು ಹೌದು. ಆದರೆ ನಾಲ್ಕು ಜಾಗಗಳಲ್ಲಿ ಅದೊಂದನ್ನೇ ಆರಿಸಿದ್ದು ನಾನು. ದೆಹಲಿಯ ಫೆಬ್ರವರಿಯಲ್ಲಿ ಏನೂ ಹುಟ್ಟದ ಮಣ್ಣನ್ನು ನೋಡಿ, ಯಾಕೆ ಹುಟ್ಟಿಲ್ಲ ಎಂದು ಕೇಳದೆ ಮೆಚ್ಚಿಕೊಂಡಿದ್ದೆ.

ಮನೆಯಲ್ಲಿ ಅಜ್ಜಿಯ ಮುಂದೆ ಎರಡು ತಟ್ಟೆ ಇಟ್ಟೆ. ಒಂದರಲ್ಲಿ ಕಾಗದದ ಮೇಲಿನ ಮೊಳಕೆ, ಬಿಳಿ ದಾರದಂಥ ಬೇರುಗಳು. ಇನ್ನೊಂದರಲ್ಲಿ ಊದಿದ ಬೇರುಗಳು. ಸುನಂದಾ ಅತ್ತೆಯೂ ಬಂದು ನಿಂತರು. ಬೀಜ ಒಂದೇ, ಮಣ್ಣು ಬೇರೆ ಎಂದು ವಿವರಿಸಿದೆ. ಅಲ್ಲಿಗೆ ಹಿಂದೆ ಕಳೆಗೆ ಹಾಕುವ ಔಷಧ ಬಿದ್ದಿತ್ತು ಎಂದೆ, ಯಾರು ಎಂದು ಹೇಳಲಿಲ್ಲ. ಕಳೆ ಇಲ್ಲವೆಂಬ ಕಾರಣಕ್ಕೇ ಆ ಜಾಗ ಆರಿಸಿದೆ, ತಪ್ಪು ನನ್ನದು ಎಂದೂ ಹೇಳಿದೆ.

ಅಜ್ಜಿ ಊದಿದ ಬೇರೊಂದನ್ನು ಉಗುರಿನಿಂದ ಹಿಚುಕಿದರು. ನನಗೆ ಗಾಬರಿಯಾಗಿ, ಕೈ ತೊಳೆಯಿರಿ ಎಂದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

“ನೀನು ಓದಿದ್ದು ಎಷ್ಟು ವರ್ಷ?”

“ಹದಿನೇಳು, ಅಜ್ಜಿ.”

“ಸಾಲಲಿಲ್ಲ. ಕಳೆ ಹುಟ್ಟದ ಕಡೆ ಬೆಳೆ ಎಲ್ಲಿಂದ ಹುಟ್ಟುವುದು ಮಾರಾಯ್ತಿ? ನಾವು ಗದ್ದೆ ಗೇಣಿಗೆ ಹಿಡಿಯುವಾಗ ಮೊದಲು ನೋಡುತ್ತಿದ್ದದ್ದೇ ಕಳೆ ಎಷ್ಟುಂಟು ಅಂತ.” ಆಮೇಲೆ ಎದ್ದರು. “ನಡೆ. ಆ ಜಾಗ ತೋರಿಸು.”

ಎಂಟು ಮಹಡಿ ಇಳಿದು ಅಜ್ಜಿ ಪಟ್ಟಿಯ ಮುಂದೆ ನಿಂತರು. ಬಹಳ ಹೊತ್ತು ನೋಡಲಿಲ್ಲ. ಕತ್ತು ತಿರುಗಿಸಿ ರಾಮಫಲ್‌ನ ಪಾತಿಯ ಕಡೆ ನೋಡಿದರು. ಅಲ್ಲಿ ಮೂಲಂಗಿಗಿಂತ ಬಥುವಾ ಹೆಚ್ಚಾಗಿತ್ತು. ಇಲ್ಲಿಂದ ಅಗೆಯಲು ಹೇಳು ಎಂದರು. ರಾಮಫಲ್ ಗುದ್ದಲಿ ತಂದ. ಅವನು ಮಣ್ಣು ತುಂಬುವಾಗ ಅಜ್ಜಿಯ ಕಣ್ಣು ಅವನ ಹಳದಿ ಉಗುರುಗಳ ಮೇಲೆ ನಿಂತಿತು.

“ಅವನಿಗೆ ಕೈ ಚೆನ್ನಾಗಿ ತೊಳೆಯಲು ಹೇಳು, ಹಿಂದಿಯಲ್ಲಿ,” ಎಂದರು. “ನಾಳೆ ಊಟಕ್ಕೂ ಬರಲು ಹೇಳು.”

ಮೇಲೆ ಬಂದ ಮೇಲೆ ವನಜಕ್ಕ ದೆಹಲಿಯ ದೇವಸ್ಥಾನದ ಭಟ್ಟರಿಗೆ ಫೋನು ಮಾಡಿದರು. ಕುಡಿಕೆ ಕೆಟ್ಟರೆ ಮತ್ತೆ ತುಂಬಬಹುದು ಎಂದು ಅವರು ಹೇಳಿದರಂತೆ. ಆದರೆ ಒಂದು ದಿನದಲ್ಲಿ ಮೊಳೆಯುವುದು ಹೇಗೆ ಎಂದು ಸುನಂದಾ ಅತ್ತೆ ಕೇಳಿದರು. ಅಜ್ಜಿ ನನ್ನ ತಟ್ಟೆಯ ಕಡೆ ಕೈ ತೋರಿಸಿದರು. ಭತ್ತವನ್ನು ನೆನೆಸಿ, ಮೊಳಕೆ ಬರಿಸಿಯೇ ಸಸಿಮಡಿಗೆ ಬಿತ್ತುವುದು ತಮ್ಮಲ್ಲಿ ಹೊಸತಲ್ಲ ಎಂದರು. ಹೊಸ ಮಣ್ಣು ತುಂಬಿದ ಹೊಸ ಕುಲ್ಹಡ್‌ಗಳನ್ನು ಸಾಲಾಗಿ ಇಡಿಸಿದರು. ಎಳ್ಳೂ ಒಂದು ದಿನದಲ್ಲಿ ಮೊಳೆಯುವಂಥದ್ದಲ್ಲ. ಪ್ರಯೋಗಾಲಯದ ಬೇರೊಂದು ಪರೀಕ್ಷೆಯ ಕಾಗದದಲ್ಲಿ ಮೊಳೆತ ಎಳ್ಳಿತ್ತು, ಬೇಕಾದೀತೆಂದು ಅದನ್ನೂ ತಂದಿದ್ದೆ. ಬೇಳೆಕಾಳಿನ ಸಸಿಗಳನ್ನು ಬೇರು ತೊಳೆದು ಹೊಸ ಮಣ್ಣಿಗೆ ಬದಲಾಯಿಸಿದೆವು.

ಗೋಧಿ ಮತ್ತು ಭತ್ತದ ಕುಲ್ಹಡ್‌ಗಳನ್ನು ಅಜ್ಜಿ ನನ್ನ ಮುಂದೆ ಸರಿಸಿದರು. “ನೀನೇ ಹಾಕು.”

ಅದು ಮುತ್ತೈದೆಯರು ಮಾಡುವುದಲ್ಲವಾ ಅಮ್ಮಾ ಎಂದು ಸುನಂದಾ ಅತ್ತೆ ಮೆಲ್ಲಗೆ ನೆನಪಿಸಿದರು.

“ಮೊಳಕೆ ಬರಿಸಿದ್ದು ಅವಳು. ನಿನಗೆ ಬರುತ್ತದಾದರೆ ನೀನು ಹಾಕು.” ಅತ್ತೆ ಸರಿದು ಜಾಗ ಬಿಟ್ಟರು. ಅಜ್ಜಿ ನನಗೆ ಹೇಳಿದರು, “ಕೈ ನಡುಗಿಸಬೇಡ ಮಗಾ. ಬೇರು ಮುರಿಯುತ್ತದೆ.”

ಗೋಧಿ ಹತ್ತೊಂಬತ್ತು, ಭತ್ತ ಹದಿನೆಂಟು. ಒಂದೂ ಮುರಿಯಲಿಲ್ಲ. ಸಮಯ ಹನ್ನೊಂದು ನಲವತ್ತು. ಬಾಗಿಲಲ್ಲಿ ನಿಂತಿದ್ದ ಶ್ರಾವ್ಯಾ ಅಂಕಿತನಿಗೆ ಫೋನಿನಲ್ಲಿ, “ಚಲೋ, ಬಸ್ ಹತ್ತಲಿ ಎಲ್ಲರೂ,” ಎಂದಳು.

ಮದುವೆ ೨೩ಕ್ಕೇ ಆಯಿತು. ಮಂಟಪದಲ್ಲಿ ಅಂಕಿತನ ದಾದಿ, ಅಂದರೆ ಅವನ ತಂದೆಯ ತಾಯಿ, ಕುಲ್ಹಡ್‌ಗಳ ಮುಂದೆ ಬಂದು ಕೂತುಬಿಟ್ಟರು. ತಮ್ಮೂರಿನಲ್ಲಿ ನವರಾತ್ರಿಗೆ ಹೀಗೇ ಜವೆಗೋಧಿ ಬಿತ್ತುತ್ತಾರೆಂದು ಅವರು ತಮ್ಮ ಮಾತಿನಲ್ಲಿ ಹೇಳಿದರು. ಅಜ್ಜಿ ಕನ್ನಡದಲ್ಲಿ ಭತ್ತದ ವಿಷಯ ಹೇಳಿದರು. ಇಬ್ಬರ ನಡುವೆ ಭಾಷಾಂತರಕ್ಕೆ ಕೂತ ಶ್ರಾವ್ಯಾಳ ಚಿಕ್ಕಪ್ಪನ ಮಗಳು ಸ್ವಲ್ಪ ಹೊತ್ತಿಗೆ ಎದ್ದು ಹೋದಳು. ಅವಳ ಅಗತ್ಯ ಬೀಳಲಿಲ್ಲ.

ಆಮೇಲೆ ಒಂದು ತಕರಾರು ಉಳಿದಿತ್ತು. ಮದುವೆಯ ನಾಲ್ಕನೆಯ ದಿನ ಕುಡಿಕೆಗಳನ್ನು ಹರಿಯುವ ನೀರಿಗೆ ಬಿಡಬೇಕು. ಹಳೆಯ ಮಣ್ಣನ್ನೂ ಸೇರಿಸಿ ಹಿಂಡನ್ ನದಿಗೆ ಬಿಟ್ಟು ಬರುವುದೆಂದು ಯಜಮಾನರು ಕಾರು ತೆಗೆದಿದ್ದರು. ನಾನು ಅಡ್ಡ ನಿಂತೆ. ಆ ನದಿಯಲ್ಲಿ ಮೀನು ಎಷ್ಟಿವೆಯೋ, ಇರುವಷ್ಟಾದರೂ ಇರಲಿ ಎಂದೆ. ಅಜ್ಜಿ ಒಪ್ಪಿದರು. ವಿಷದ ಮಣ್ಣು ಅದರ ಪಟ್ಟಿಗೇ ಹಿಂದಿರುಗಿತು. ಒಳ್ಳೆಯ ಸಸಿಗಳನ್ನು ಶ್ರಾವ್ಯಾ ಮತ್ತು ಅಂಕಿತ್ ರಾಮಫಲ್‌ನ ಪಾತಿಯ ಅಂಚಿನಲ್ಲಿ ನೆಟ್ಟು ನೀರು ಹಾಕಿದರು. ಡಬ್ಬವನ್ನು ಮರಳು ತುಂಬಿದ ಬಕೆಟ್ಟಿನಲ್ಲಿಟ್ಟು ಮುಚ್ಚಿ, ನಮ್ಮ ಪ್ರಯೋಗಾಲಯದ ರಾಸಾಯನಿಕ ಕಸ ಒಯ್ಯುವ ವ್ಯಾನಿಗೆ ಸಹಿ ಮಾಡಿ ಕೊಟ್ಟೆ. ಪಟ್ಟಿಗೆ ಏನಾಗಿದೆಯೆಂದು ಸೊಸೈಟಿಯ ಕಮಿಟಿಗೆ ವನಜಕ್ಕ ಪತ್ರ ಬರೆದರು. ಮಣ್ಣು ಸರಿಯಾಗುವವರೆಗೆ ಟೈಲ್ಸ್ ಬೇಡ ಎಂದು ಅವರೂ ಒಪ್ಪಿಕೊಂಡರು. ಡಬ್ಬ ಯಾರ ಕಾಲದ್ದೆಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಯಾರ ಕೆಲಸವೂ ಹೋಗಲಿಲ್ಲ.

ಮಾರ್ಚ್ ಪೂರ್ತಿ ನನಗೆ ರೋಜಾ, ರಂಜಾನಿನ ಉಪವಾಸ ಇತ್ತು. ಭಾನುವಾರಗಳಲ್ಲಿ ನಸುಕಿನ ಸಹರಿ ಊಟ ಮುಗಿಸಿ, ಬೆಳಕು ಹರಿದ ಮೇಲೆ ಬಿಸಿಲೇರುವ ಮೊದಲು ಕೆಳಗಿಳಿಯುತ್ತಿದ್ದೆ. ರಾಮಫಲ್ ರಬ್ಬರ್ ಗ್ಲೌಸ್ ಹಾಕಿಕೊಂಡು ಪಟ್ಟಿಯನ್ನು ಅಗೆದು ಮಗುಚುತ್ತಿದ್ದ. ಆ ಔಷಧವನ್ನು ಕೆಡಿಸುವುದು ಬಿಸಿಲು, ಗಾಳಿ ಮತ್ತು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು. ಮೂರಕ್ಕೂ ದಾರಿ ಮಾಡಿಕೊಡಬೇಕು ಎಂದು ತ್ಯಾಗಿ ಸರ್ ಹೇಳಿದ್ದರು. ಒಂದು ವಾರ ನೀರು ನಿಲ್ಲಿಸುವುದು, ಒಂದು ವಾರ ಒಣಗಿಸುವುದು, ಹೋಟೆಲಿನ ತರಕಾರಿ ಸಿಪ್ಪೆಯ ಗೊಬ್ಬರ ಬೆರೆಸುವುದು. ಆ ಗೊಬ್ಬರವನ್ನು ಯಜಮಾನರೇ ಸ್ಕೂಟರಿನಲ್ಲಿ ತರುತ್ತಿದ್ದರು. ಮೂರು ವಾರಕ್ಕೊಮ್ಮೆ ಮಣ್ಣಿನ ಮಾದರಿ ತೆಗೆದು ಇಪ್ಪತ್ತು ಗೋಧಿ ಹಾಕಿ ನೋಡುತ್ತಿದ್ದೆ. ನೇರ ಬೇರಿನ ಲೆಕ್ಕ: ಮಾರ್ಚ್ ೨ಕ್ಕೆ ಸೊನ್ನೆ. ೨೩ಕ್ಕೆ ನಾಲ್ಕು. ಏಪ್ರಿಲ್ ೧೩ಕ್ಕೆ ಒಂಬತ್ತು. ಮೇ ೪ಕ್ಕೆ ಹದಿನೈದು. ಪೂರ್ತಿ ಸರಿಹೋಗಲಿಲ್ಲ, ಆದರೆ ಸರಿಹೋಗುವ ದಾರಿಯಲ್ಲಿತ್ತು.

ಪಾತಿಯಲ್ಲಿ ನೆಟ್ಟ ಭತ್ತ ಮಾರ್ಚ್ ಕಳೆಯುವುದರೊಳಗೆ ಒಣಗಿತು. ನಿಂತ ನೀರಿಲ್ಲದೆ ಭತ್ತ ಎಲ್ಲಿ ಬದುಕುತ್ತದೆ ಎಂದರು ಅಜ್ಜಿ, ಬೇಸರಪಡಲಿಲ್ಲ. ಹೆಸರಿನ ಸಸಿ ಕಾಯಿ ಕಟ್ಟಿತು, ಅದನ್ನು ಅಳಿಲು ತಿಂದಿತು. ಗೋಧಿ ಒಂಬತ್ತು ಗಿಡ ಉಳಿಯಿತು. ಕಾಲ ತಪ್ಪಿ ನೆಟ್ಟದ್ದರಿಂದ ಮೊಣಕಾಲೆತ್ತರಕ್ಕೇ ನಿಂತು, ಏಪ್ರಿಲ್ ಬಿಸಿಲಿಗೆ ಅವಸರದಿಂದ ತೆನೆ ಹಾಕಿತು. ಹನ್ನೊಂದು ತೆನೆ.

ಮೇ ಮೊದಲ ವಾರ ಅಜ್ಜಿ ತಾವೇ ಕತ್ತರಿಸಿ ತಂದರು. ಬಾಲ್ಕನಿಯಲ್ಲಿ ಕೂತು ಅಂಗೈಗಳ ನಡುವೆ ಉಜ್ಜಿ, ಊದಿ, ಕಾಳನ್ನು ಸ್ಟೀಲಿನ ತಟ್ಟೆಗೆ ಸುರಿದು ನನ್ನ ಮುಂದಿಟ್ಟರು. ಎರಡು ಪಾಲು ಮಾಡು ಎಂದರು. ಒಂದು ಪಾಲು ಈ ಮನೆಗೆ. ಇನ್ನೊಂದನ್ನು ಶ್ರಾವ್ಯಾ ಮುಂದಿನ ತಿಂಗಳು ಬೆಟ್ಟಕ್ಕೆ ಹೋಗುವಾಗ ಒಯ್ಯಬೇಕು, ಆ ಮನೆಯ ಅಜ್ಜಿ ನವರಾತ್ರಿಗೆ ಬಿತ್ತಲಿ.

ಎಣಿಸಿದೆ. ನೂರ ಅರವತ್ತಮೂರು. ಇನ್ನೊಮ್ಮೆ ಎಣಿಸಿದೆ, ಅಷ್ಟೇ. ಎಂಬತ್ತೊಂದು, ಎಂಬತ್ತೊಂದು, ಮತ್ತು ಒಂದು ಉಳಿಯುತ್ತದೆ ಎಂದೆ. ಯಾವ ಕಡೆಗೆ ಹಾಕಲಿ ಎಂದು ಕೇಳಿದೆ.

ಅಜ್ಜಿ ಆ ಒಂದು ಕಾಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. “ಇದು ಹಾಕಿದವಳಿಗೆ. ಬರೆದುಕೊಳ್ಳಬೇಡ, ತಿನ್ನು.”

ಬೀಜ ಪರೀಕ್ಷೆಯವರು ಮಾದರಿಯನ್ನು ತಿನ್ನುವಂತಿಲ್ಲ. ನಾನು ತಿಂದೆ.